ಫೇರ್ ಮಾಡಿದ ಪತ್ರಗಳು

...ಬ್ಯಾಡ ಬ್ಯಾಡ, ರಾಟಿ ನಿಲ್ಲಸಬ್ಯಾಡವಾ ಸಂಧ್ಯಾ. ನಿನ್ನ ಕಂಡಿಕಿಗೆ ನೂಲು ನೀ ಸುತ್ತು. ಮಾಸ್ತರ ಬಂದ್ರು ಅಂತ ಏಳಬ್ಯಾಡ, ನಾ ಇಲ್ಲೇ ಕಟ್ಟಿ ಮ್ಯಾಲೆ ಕುಂದ್ರತೇನಿ. ಕರೆಂಟ್ ಹೋಗಿದ್ದ ಛಲೋ ಆತು. ಇಲ್ಲಂದ್ರ ಈ ಬನಹಟ್ಟಿ ಓಣ್ಯಾಗ ಮಗ್ಗದ ಸಪ್ಪಳದಾಗ ಮಾತಾಡಾಕ ಆಗತಿತ್ತೇನು? ...ಚಹಾ? ಆತವಾ, ನಿಮ್ಮ ಅತ್ತಿ ಶಂಕ್ರೆವ್ವ ಕೊಟ್ಟಳು. ಸಕ್ಕರಿ ಜಾಸ್ತಿ ಆಗಿತ್ತು. ಇರಲಿ.

ಎಲ್ಲಿದ್ನಿ ನಾ? ಹಾಂ, ಐಲ್ಸಾ. ಐಲ್ಸಾ ಬರಾಕತ್ತಾಳ. ನಾಳೆ ಹನ್ನೊಂದಕ್ಕ, ನಮ್ಮ ಸಾಲಿಗೆ... ಹಂಗ್ಯಾಕ ನೋಡ್ತಿ? ನಿನ್ನ ಐಲ್ಸಾ! ಸ್ಕಾಟ್ಲೆಂಡಿನಾಕಿ. ನೀ ಎಂಟನೇತ್ತೆ ಇದ್ದಾಗ ನಮ್ಮ ಸಾಲಿಗೂ ಅವರ ಸಾಲಿಗೂ ಜೋಡಿ ಮಾಡಿದ್ದರಲ್ಲ? ನಮ್ಮ ಹುಡುಗುರು ಅಲ್ಲಿಗೆ, ಅಲ್ಲಿ ಹುಡುಗುರು ಇಲ್ಲಿಗೆ, ತಿಂಗಳಿಗೊಂದು ಪತ್ರ. ಗೇಟಿನ ಮ್ಯಾಲೆ ಎರಡೂ ದೇಶದ ಬಾವುಟ ಬರಸಿದ್ವಿ. ಈಗ ಬಣ್ಣ ಹೋಗೇತಿ, ಯಾವುದು ಯಾರದು ತಿಳಿಯೂದಿಲ್ಲ.

ಆಕಿನೂ ಈಗ ಟೀಚರ್ ಆಗ್ಯಾಳ, ಅದ ಸಾಲ್ಯಾಗ. ನಿಂತ ಹೋದ ಜೋಡಿ ಮತ್ತ ಚಾಲೂ ಮಾಡೂಣು ಅಂತಾಳ. ಅದಕ್ಕ ಬರಾಕತ್ತಾಳ. ಮತ್ತ ಒಂದ ಹಟ. ಸಂಧ್ಯಾನ ನೋಡಬೇಕು. ನಿನ್ನ ಪತ್ರ ಎಲ್ಲಾ ಒಂದ ಡಬ್ಬ್ಯಾಗ ಇಟ್ಟಾಳಂತ. ಮೂವತ್ತೆರಡು. ಅವನ್ನ ತರ್ತಾಳ. ಹುಡುಗುರ ಮುಂದ ನೀ ಒಂದು ಓದಬೇಕು, ಆಕಿ ಒಂದು ಓದತಾಳ...

ಕೈ ಬಳ್ಳ ಮಡಚಿ ಯಾಕ ಎಣಸ್ತಿ? ಹದಿನೈದು ಬರದಿದ್ದಿ ನೀ. ನನಗ ಗೊತ್ತೈತಿ, ಹದಿನೈದು.

ಉಳದಾವು ನಾ ಬರದೇನಿ.

ತಡಿ, ಕೇಳು, ಸಾವಕಾಶ ಕೇಳು. ನಮ್ಮ ಪದ್ಧತಿ ನಿನಗ ನೆನಪೈತಿ. ನೀವು ರಫ್ ಹಾಳ್ಯಾಗ ಬರೀತಿದ್ರಿ, ನಾ ಕೆಂಪು ಪೆನ್ನಲೆ ತಿದ್ದತಿದ್ನಿ, ಆಮ್ಯಾಲೆ ಬಿಳಿ ಹಾಳಿ ಮ್ಯಾಲೆ ಫೇರ್. ಹೌದಿಲ್ಲೊ? ಪರದೇಶಕ್ಕ ಹೋಗೂ ಮಾಲು. ನಮ್ಮ ಸಾಲಿ ಮರ್ಯಾದಿ ಪ್ರಶ್ನೆ. ಸಂಡಾಸ್ ಇಲ್ಲ ಅಂತ ಒಬ್ಬಂವ ಬರದ್ರ ನಾ ಅದನ್ನ ತಗದು 'ನಮ್ಮ ಸಾಲಿ ಅಂಗಳದಾಗ ಬೇವಿನ ಗಿಡ ಐತಿ' ಅಂತ ಮಾಡ್ತಿದ್ನಿ. ಸುಳ್ಳೇನು? ಗಿಡ ಇತ್ತು. ಖರೇನ ಇತ್ತು. ಮೊದಮೊದಲು ನಿಮ್ಮ ಕೈಲೆ ಫೇರ್ ಮಾಡಸ್ತಿದ್ನಿ. ಆಮ್ಯಾಲೆ ನಿಮ್ಮ ಅಕ್ಷರ ಕೆಟ್ಟ ಅಂತ ನಾನ ಕುಂತು ಬರೀತಿದ್ನಿ. ಒಬ್ಬೊಬ್ಬರದು ಒಂದೊಂದು ನಮೂನಿ ಅಕ್ಷರ. ನಿಂದು ಭಾಳ ಸಸಾರ, ಗುಂಡಗುಂಡಗ.

ನೀ ಸಾಲಿ ಬಿಟ್ಟ ಮ್ಯಾಲೂ ಆಕಿ ಪತ್ರ ಬರೂದು ನಿಲ್ಲಲಿಲ್ಲ. ಉತ್ತರ ಕೊಡಲಾರದ ಹ್ಯಾಂಗ ಇರೂದು? ಹಾಜರಿ ಪುಸ್ತಕದಾಗ ಸಂಧ್ಯಾ ಇಲ್ಲ, ಪತ್ರದಾಗ ಅದಾಳ. ಎರಡು ವರ್ಷ. ಹತ್ತನೇತ್ತೆ ಪಾಸ್ ಮಾಡಿಸಿದ್ನಿ ನಿನ್ನ. ಫಸ್ಟ್ ಕ್ಲಾಸ್. ಜಮಖಂಡಿ ಕಾಲೇಜಿಗೆ ಹಚ್ಚಿದ್ನಿ. ಕಡೀ ಪತ್ರದಾಗ... ಹೇಳ್ತೇನಿ, ಹೇಳಾಕ ಬಂದೇನಿ... ಕಡೀ ಪತ್ರದಾಗ ನೀ ನರ್ಸ್ ಕೋರ್ಸಿಗೆ ಸೇರಿದಿ.

ಯಾಕ ನಗ್ತಿ?

ನಗಬ್ಯಾಡವಾ. ಅಥವಾ ನಗು. ನನಗೇನೂ ಅನಸೂದಿಲ್ಲ. ಖರೆ ಹೇಳ್ತೇನಿ, ಆಕಿ ಮೇಲ್ ಬಂದಾಗಿಂದ ಜೀವಕ್ಕ ಜೋಮು ಹಿಡದಂಗ ಆಗೇತಿ. ಊಟ ಮಾಡ್ತೇನಿ, ರುಚಿ ಗೊತ್ತಾಗೂದಿಲ್ಲ. ಹುಡುಗುರಿಗೆ ಪಾಠ ಮಾಡ್ತೇನಿ, ಏನ ಹೇಳಿದ್ನಿ ಅಂತ ಗೊತ್ತಾಗೂದಿಲ್ಲ.

ನಾಳೆ ಒಂದ ತಾಸು ಬಾ, ಸಾಕು. ಡ್ಯೂಟಿಗೆ ರಜಾ ಹಾಕಿ ಬಂದೇನಿ ಅನ್ನು. ಪತ್ರ ಎಲ್ಲಾ ನಾನ ಬರದೇನಿ ಅನ್ನು. ಇಂಗ್ಲಿಷ್ ಮರತ ಹೋಗಿದ್ರ ನಾ ಬಾಜೂಕ ನಿಂತಿರ್ತೇನಿ, ನೀ ಕನ್ನಡದಾಗ ಹೇಳು, ನಾ ಆಕಿಗೆ ಹೇಳ್ತೇನಿ... ಹೌದು, ನಾನ ಹೇಳ್ತೇನಿ. ಯಾಕ, ನಂಬಿಕಿ ಇಲ್ಲ?

ನಿನ್ನ ಮಗಳು ಯಶೋಧರಾ ನಮ್ಮ ಸಾಲ್ಯಾಗ ಅದಾಳಲ್ಲ, ಎಂಟನೇತ್ತೆ. ಶಾಣೇ ಹುಡುಗಿ. ಹೊಸಾ ಜೋಡಿ ಚಾಲೂ ಆತಂದ್ರ ಮೊದಲನೇ ಹೆಸರು ಆಕೀದ ಬರೀತೇನಿ. ಅಲ್ಲಿ ಹುಡುಗಿ ಒಬ್ಬಾಕಿ ಆಕಿಗೆ ಗೆಳತಿ ಆಗ್ತಾಳ. ನಾಳೆ ಆಕಿ ಬರದಿದ್ದನ್ನ ನಾನ ಕುಂತು ಛಲೋತ್ನಂಗ ಫೇರ್ ಮಾಡಿ...

ರಾಟಿ ಯಾಕ ನಿಲ್ಲಿಸಿದಿ?

ಅಲ್ಲ, ನಾ ಒತ್ತಾಯ ಮಾಡಾಕತ್ತಿಲ್ಲ. ನೋಡು, ಇದನ್ನ ಕೊಡಾಕಂತ ತಂದೇನಿ. ಐಲ್ಸಾ ನಿನಗ ಬರದ ಪತ್ರ. ಎಲ್ಲಾ ನಿನ್ನವ. ರಿಬ್ಬನ್ ಬಿಚ್ಚು. ಮ್ಯಾಲಿಂದು ನಾಯಿಮರಿ ಚಿತ್ರ ಇದ್ದದ್ದು, ಅವರ ಮನಿ ನಾಯಿ ಈದಿತ್ತು ಆವಾಗ. ಇವನ್ನ ಒಂದ್ಸಲ ಓದಕೋ. ಆಕಿ ನಾಳೆ ಏನರ ನೆನಪ ತಗದು ಕೇಳಿದ್ರ ತಬ್ಬಿಬ್ಬ ಆಗಬಾರದು. ಮೊದಲ ಕೊಡಬೇಕಿತ್ತು ಖರೆ. ನಮ್ಮ ಸಾಲಿ ಇರೂ ರಬಕವಿಯಿಂದ ಬನಹಟ್ಟಿಗೆ ನಡಕೋಂತ ಬಂದ್ರೂ ಎಷ್ಟ ಹೊತ್ತು? ಹದಿನಾರು ವರ್ಷ ಬರಾಕ ಆಗಲಿಲ್ಲ. ಏನರ ಒಂದು ಕೆಲಸ. ಸಂತ್ಯಾಗ ಒಮ್ಮೆ ನಿನ್ನ ನೋಡಿದ್ನಿ, ಕೂಸು ಬಗಲಾಗಿತ್ತು. ನೀ ನೋಡಲಿಲ್ಲ. ನಾ ಉಳ್ಳಾಗಡ್ಡಿ ಅಂಗಡಿ ಹಿಂದ ಸರದ ನಿಂತ್ನಿ.

ಅದೇನ ಬಿತ್ತು? ಕೊಡು ಇಲ್ಲೆ... ಅದು ಐಲ್ಸಾಂದಲ್ಲ. ರಫ್ ಹಾಳಿ. ಕೊಡವಾ.

ನಿನ್ನ ಅಕ್ಷರ, ಹೌದು. ಅದು ಹೆಂಗ ಇದರಾಗ ಬಂತೊ. ಹಳೇ ಕಪಾಟು ತಗದಾಗ ಸೇರಿರಬೇಕು. ನಾ ಅದನ್ನ ನೋಡೇ ಇಲ್ಲ. ದೇವರಾಣಿ... ಇಲ್ಲ, ಹ್ವಾದ ವಾರ ನೋಡಿದ್ನಿ, ಕಪಾಟು ಸ್ವಚ್ಛ ಮಾಡುವಾಗ. ಓದಿ ಅಂದಕೊಂಡ್ನಿ. ಅಯ್ಯ, ಈ ಹುಡುಗಿ ಹಿಂಗ ಬರದಿತ್ತೇನು, ಆವಾಗ ನನ್ನ ಕೈಗೆ ಸಿಕ್ಕಿದ್ರ ಏನರ ಮಾಡ್ತಿದ್ನಿ ಅಂತ. ನಿಮ್ಮಪ್ಪ ಗುರಪ್ಪಗ ಹೇಳತಿದ್ನಿ. ಸಣ್ಣದೈತಿ, ಹದಿನಾಲ್ಕು ತುಂಬಿಲ್ಲ, ಓದಲಿ ಬಿಡು ಅಂತಿದ್ನಿ. ಅಂವ ಕೇಳಲಿಲ್ಲಂದ್ರ ಮ್ಯಾಲಿನವರಿಗೆ ತಿಳಸ್ತಿದ್ನಿ. ನಿನ್ನ ಮದುವಿ ಸುದ್ದಿ ನಮಗ ಯಾರಿಗೂ ಗೊತ್ತ ಇರಲಿಲ್ಲ ಸಂಧ್ಯಾ. ಆದ ಮ್ಯಾಲೆ ತಿಳೀತು. ನಾ ಊರಾಗ ಇರಲಿಲ್ಲ...

ಯಾಕ ಹಂಗ ಹಾಳಿ ಕೆಳಗ ಬಳ್ಳ ಇಟಗೊಂಡ ಕುಂತಿ? ಏನೈತಿ ಅಲ್ಲೆ?

...

ಕೆಂಪು ಶಾಯಿ. ಹೂಂ.

'ನೋಡಿದೆ.' ಕೆಳಗ ನನ್ನ ಸಹಿ. ಅದರ ಕೆಳಗ ತಾರೀಖು.

ಚಟ ಅದು. ಯಾರ ಹಾಳಿ ಕೈಗೆ ಬಂದ್ರೂ ಕಡೀಕ 'ನೋಡಿದೆ' ಅಂತ ಬರದು ಸಹಿ ಹಾಕೂದು. ಮೂವತ್ತು ವರ್ಷದ ಚಟ. ನಿನ್ನ ಪತ್ರಕ್ಕೂ ಹಾಕೇನಿ. ನಡುವ ತಪ್ಪೂ ತಿದ್ದೇನಿ, ನೋಡು, ನಾಲ್ಕ ಕಡೆ. 'ನನ್ನ ಮದುವಿ ಮಾಡಾಕತ್ತಾರ, ಹನ್ನೊಂದು ದಿನ ಉಳದೈತಿ, ನನಗ ಬ್ಯಾಡ, ನಿಮ್ಮ ಟೀಚರಿಗೆ ಹೇಳು' ಅಂತ ಒಂದು ಹುಡುಗಿ ಬರದ್ರ, ನಾ ಅದರ ವ್ಯಾಕರಣ ನೋಡೇನಿ.

ಏನರ ಅನ್ನವಾ. ಬೈ. ನಿಮ್ಮ ಅತ್ತೀನರ ಕರಿ.

ಆವಾಗ ನಂದು ಪಾಸ್‌ಪೋರ್ಟ್ ಬಂದಿತ್ತು. ಅವರ ಸಾಲಿ ನೋಡಾಕ ನನ್ನ ಕರದಿದ್ರು, ಹದಿನೈದು ದಿನ. ಈ ತಾಲೂಕಿನಾಗ ಯಾವ ಮಾಸ್ತರನೂ ಹೋಗಿರಲಿಲ್ಲ. ಹೆಡ್‌ಮಾಸ್ತರ್ರು ಶಾಲು ಹೊಚ್ಚಿದ್ರು. ಇಂಥಾ ಪತ್ರ ಅಲ್ಲಿಗೆ ಮುಟ್ಟಿದ್ರ ಅವರು ಸುಮ್ಮನ ಇರ್ತಿದ್ರೇನು? ಫೋನು, ಪೊಲೀಸರು, ಪೇಪರು. ಜೋಡಿ ಮುರೀತಿತ್ತು. ನನ್ನ ಟಿಕೆಟ್ಟೂ ಹೋಗತಿತ್ತು. ಅಷ್ಟ. ಬ್ಯಾರೆ ಕಾರಣ ಹುಡುಕೇನಿ ನಾ, ಹದಿನಾರು ವರ್ಷ. ಸಿಕ್ಕಿಲ್ಲ.

ಫೇರ್ ಹಾಳ್ಯಾಗ ಏನ ಬರದ್ನಿ ಗೊತ್ತೇನು? ಮದುವಿ ತಗೀಲಿಲ್ಲ. ಮದುವಿ ಇಟ್ಟ್ನಿ. 'ನಮ್ಮ ಮನ್ಯಾಗ ನಮ್ಮ ಅಕ್ಕನ ಮದುವಿ ಐತಿ, ಹೋಳಿಗಿ ಮಾಡ್ತಾರ, ನನಗ ಹೊಸಾ ಲಂಗ ತಂದಾರ, ನಾ ಭಾಳ ಖುಷಿಯಾಗೇನಿ.'

ನಿನಗ ಅರಿಷಿಣ ಹಚ್ಚಿದ ದಿನ ನಾ ಅಲ್ಲಿ, ಅವರ ಕ್ಲಾಸಿನಾಗ, ಐಲ್ಸಾನ ಮುಂದ ಕುಂತಿದ್ನಿ. ಆಕಿ ಕೇಳಿದಳು, ಸಂಧ್ಯಾ ಹೆಂಗದಾಳ? ಛಲೋ ಅದಾಳ ಅಂದ್ನಿ. ಅವರ ಅಕ್ಕಗ ಕೊಡ್ರಿ ಅಂತ ಒಂದು ನೀಲಿ ರಿಬ್ಬನ್ ಕೊಟ್ಟಳು. ಈ ಗಂಟಿಗೆ ಕಟ್ಟೇನಲ್ಲ, ನೀ ಈಗ ಬಿಚ್ಚಿದಿ, ಅದ.

ನೀ ಏನ ತಿಳಕೊಂಡಿದ್ದಿ ಇಷ್ಟು ವರ್ಷ? ಪತ್ರ ಮುಟ್ಟೇತಿ, ಆಕಿ ಓದ್ಯಾಳ, ಓದಿ ಸುಮ್ಮನ ಕುಂತಾಳ ಅಂತ? ...ಹಂಗ ತಿಳಕೊಂಡಿದ್ದಿ. ಹೂಂ. ಆಕಿ ಹೆಸರ ತಗದಾಗ ನೀ ಹಂಗ ನೋಡಿದ್ದು ಅದಕ್ಕ.

ಆಕಿ ಓದಿಲ್ಲ ಸಂಧ್ಯಾ. ನಾ ಓದೇನಿ.

ಈಗ ಬಳ್ಳ ಎಲ್ಲಿ ಒಯ್ದಿ? ಮ್ಯಾಲೆ? ಅದನ್ನೂ ಓದಬೇಕ? ನನಗ ಬಾಯಿಲೆ ಬರತೈತಿ ಅದು. ಇಂಗ್ಲಿಷಿನಾಗಲ್ಲ, ಕನ್ನಡದಾಗ ಬರದಿ, ಪೆನ್ಸಿಲ್ಲೆ, ಐಲ್ಸಾಗಲ್ಲ, ನನಗ. 'ಸರ್, ಇದೊಂದು ತಿದ್ದಬ್ಯಾಡ್ರಿ. ಹಿಂಗ ಕಳಸ್ರಿ.'

...

ಕರೆಂಟ್ ಬಂತು. ಮಗ್ಗ ಶುರುವಾದವು. ನಾ ಏಳ್ತೇನಿ.

ಹಾಳಿ ಮಡಚಿ ಸೀರಿ ಉಡ್ಯಾಗ ಇಟಗೊಂಡಿ. ಆತು, ನಿಂದ ಅದು... ಏನು? ತಲಿ ಹಾಕಿದಿ? ಬರ್ತಿ? ನಾಳೆ? ಅದನ್ನ ತಗೊಂಡು?

ಹೂಂ.

ಹನ್ನೊಂದಕ್ಕ ಬಾ. ಗೇಟಿನ್ಯಾಗ ಯಾರರ ತಡದ್ರ ನನ್ನ ಹೆಸರು ಹೇಳು. ಆಕಿ ಕೈಯಾಗ ನೀನ ಕೊಡು, ಹಂಗ, ಆ ಕೆಂಪು ಸಹಿ ಸಹಿತ.

ನಾ ತಿದ್ದೂದಿಲ್ಲ.