ಪರೀಕ್ಷೆಗೆ ಹೋದ ಬಾಟಲಿ

...ಅಲ್ಲ ಅನಂತರಾಜಣ್ಣ, ಯಾಕೆ ನಗ್ತೀರಿ? ನಿಜವಾಗ್ಲೂ ಯಾರನ್ನೂ ಹಿಡೀಲಿಲ್ಲ. ಹಿಡಿಯೋಕೆ ಒಬ್ಬ ಮನುಷ್ಯ ಬೇಕಲ್ಲ? ನೀವು ದೂರು ಬರೆದದ್ದು ನಮ್ಮ ಕಂಪನಿ ಮೇಲೆ. ಕೊಬ್ಬರಿ ಎಣ್ಣೆಗೆ ಪಾಮಾಯಿಲ್ ಬೆರೆಸಿ ಮಾರ್ತಾರೆ, ಹಳೇಬೀಡಿನಲ್ಲಿ ನನ್ನ ಗಾಣ ಮುಚ್ಚೋ ಹಾಗಾಗಿದೆ ಅಂತ. ಸರಿ. ಆದ್ರೆ ಕಂಪನಿ ಅಂದ್ರೆ ಯಾರು? ಅದನ್ನ ಕಂಡುಹಿಡಿಯೋಕೇ ಅರಸೀಕೆರೆಯಲ್ಲಿ ಮೂರು ದಿನ ಮೀಟಿಂಗ್ ಆಯ್ತು ಕಣ್ರೀ. ಬೋಂಡ ತರಿಸಿದ್ದೇ ನಾನು.

ನಮ್ಮ ಎಂ.ಡಿ. ಅರುಣ್‌ಕುಮಾರ್ ಸಾಹೇಬ್ರು, ನನಗೆ ತಯಾರಿಕೆ ಗೊತ್ತಿಲ್ಲ, ಬರೀ ಸಹಿ ಹಾಕೋನು ಅಂದ್ರು. ತಯಾರಿಕೆ ನೋಡ್ಕೊಳೋ ಉಮೇಶ್, ಖರೀದಿಯವರು ತಂದದ್ದನ್ನ ನಾನು ಸುರಿದೆ ಅಂದ. ಖರೀದಿಯವರು, ಮೇಲಿಂದ ಚೀಟಿ ಬಂತು, ತಂದ್ವಿ ಅಂದ್ರು. ಚೀಟಿ ಹುಡುಕಿದ್ರೆ ಸಹಿ ಇದೆ, ಹೆಸರಿಲ್ಲ. ಸಹಿ ಜಿಲೇಬಿ ಥರ ಇದೆ. ಎಲ್ಲರೂ ತಿರುಗಿಸಿ ಮುರುಗಿಸಿ ನೋಡಿದ್ರು. ಸಾಹೇಬ್ರಿಗಂತೂ ತಮ್ಮ ಸಹೀನೇ ಗುರುತು ಸಿಗಲಿಲ್ಲ, ಪಾಪ.

ಆಮೇಲೆ ಬೆಂಗಳೂರಿಂದ ವಕೀಲರು ಬಂದ್ರು. ಕಲಬೆರಕೆ ಅನ್ನೋ ಮಾತೇ ಆಡಬೇಡಿ, 'ಪ್ರಮಾಣದಲ್ಲಿ ಸಣ್ಣ ವ್ಯತ್ಯಾಸ' ಅನ್ನಿ ಅಂತ ಹೇಳಿಕೊಟ್ರು. ನಾವೆಲ್ಲ ಮಗ್ಗಿ ಒಪ್ಪಿಸೋ ಹಾಗೆ ಒಟ್ಟಿಗೆ ಹೇಳಿದ್ವಿ...

ಅದೇ ವಾರ ನಮ್ಮ ಹಮಾಲಿ ಚನ್ನಪ್ಪ, ಹಾರನಹಳ್ಳಿಯವನು, ಎರಡು ತೆಂಗಿನಕಾಯಿ ಟವಲಿನಲ್ಲಿ ಕಟ್ಕೊಂಡು ಹೊರಟ. ಗೇಟಿನಲ್ಲೇ ಸಿಕ್ಕಿಬಿದ್ದ. ಮಧ್ಯಾಹ್ನದೊಳಗೆ ಸ್ಟೇಷನ್ನಿನಲ್ಲಿದ್ದ. ಕಾಯಿ ಕೈಯಲ್ಲೇ ಇತ್ತು, ಹೆಸರು ಕೇಳಿದ್ರೆ ಅಪ್ಪನ ಹೆಸರೂ ಸೇರಿಸಿ ಹೇಳ್ದ. ಅಂಥೋನ್ನ ಹಿಡಿಯೋದು ಸುಲಭ ನೋಡಿ. ಸಾಕ್ಷಿ ಸಹಿ ನಾನೇ ಹಾಕ್ದೆ.

ನಗು ನಿಲ್ಲಿಸಿಬಿಟ್ರಲ್ಲ... ಎರಡು ವಾರಕ್ಕೆ ಜಾಮೀನು ಸಿಕ್ತು ಬಿಡಿ. ಕೆಲಸ ಹೋಯ್ತು.

ಇಲ್ಲ ಇಲ್ಲ, ನಿಮ್ಮ ದೂರನ್ನ ಯಾರೂ ನೋಡ್ಲಿಲ್ಲ ಅನ್ಬೇಡಿ. ಅಧಿಕಾರಿ ಬಂದ್ರು, ಒಂದು ಬಾಟಲಿ ತಗೊಂಡು ಸೀಲ್ ಹಾಕಿ ಪರೀಕ್ಷೆಗೆ ಕಳಿಸಿದ್ರು. ವರದಿ ಏನು ಬಂತು ಗೊತ್ತಾ? ನೂರಕ್ಕೆ ನೂರು ಶುದ್ಧ! ಇಂಥ ಎಣ್ಣೆ ಈಚೆಗೆ ನೋಡೇ ಇಲ್ಲ ಅಂತ ಲ್ಯಾಬಿನವರು ಹೊಗಳಿದ್ರಂತೆ. ಸಾಹೇಬ್ರು ವರದಿಗೆ ಕಟ್ಟು ಹಾಕಿಸಿ ಗೋಡೆಗೆ ತಗಲಿಸಿದ್ರು. ಹಗರೆ ರಸ್ತೆಯಲ್ಲಿ ದೊಡ್ಡ ಬೋರ್ಡೂ ಬಂತು, ನೋಡಿರ್ತೀರಿ.

...ಏನು? ಅದು ಹೇಗೆ ಸಾಧ್ಯ ಅಂತೀರಾ ಅಣ್ಣ?

ಮೆಷಿನ್ ತಪ್ಪು ತೋರಿಸಿರಬಹುದು. ಒಂದೊಂದ್ಸಲ ಆಗುತ್ತೆ... ಹಾಗೆ ನೋಡ್ಬೇಡಿ. ಇಲ್ಲ, ಮೆಷಿನ್ ಸರಿಯಾಗೇ ಇತ್ತು.

ಅಧಿಕಾರಿ ಬರೋ ಹಿಂದಿನ ದಿನ ಸಾಹೇಬ್ರು ನನ್ನ ಕರೆದು, "ರಘುರಾಮ್, ಗುಣಮಟ್ಟ ನೋಡೋರು ನೀವು. ಒಂದು ಒಳ್ಳೆ ಬಾಟಲಿ ತೆಗೆದಿಡಿ" ಅಂದ್ರು. ಅಷ್ಟೇ. ಎಣ್ಣೆ ಬದಲಾಯಿಸು ಅನ್ಲಿಲ್ಲ. ನಾಳೆ ಕೋರ್ಟಿನಲ್ಲಿ ಕೇಳಿದ್ರೂ ಅವರು ಅಂದದ್ದು ಅಷ್ಟೇ. ನಮ್ಮಲ್ಲಿ ಒಳ್ಳೆ ಎಣ್ಣೆ ಎಲ್ಲಿಂದ ತರ್ಲಿ? ಬಸ್ ಹತ್ತಿ ಇಲ್ಲಿಗೇ ಬಂದೆ. ನೀವು ಇರ್ಲಿಲ್ಲ, ಕಾಂಚನಮಾಲಾ ಅತ್ತಿಗೆ ಅಂಗಡಿಯಲ್ಲಿದ್ರು. ಮನೆಗೆ ಬೇಕು ಅಂತ ಸುಳ್ಳು ಹೇಳಿ ಒಂದು ಲೀಟರ್ ತಗೊಂಡೆ. ಅದನ್ನೇ ನಮ್ಮ ಬಾಟಲಿಗೆ ತುಂಬಿಟ್ಟೆ.

ಹೌದಣ್ಣ. ಪರೀಕ್ಷೆಯಲ್ಲಿ ಪಾಸಾದದ್ದು ನಿಮ್ಮ ಗಾಣದ ಎಣ್ಣೆ.

ಇವತ್ತು ಯಾಕೆ ಬಂದೆ ಅಂತ ನೀವು ಕೇಳ್ಲೇ ಇಲ್ಲ. ನೀವು ಮತ್ತೆ ಬರೆದಿದ್ರಲ್ಲ, ನಾಳೆ ಇನ್ನೊಂದು ಸಲ ಮಾದರಿ ತಗೊಳ್ಳೋಕೆ ಬರ್ತಾರೆ. ಸಾಹೇಬ್ರು ಮತ್ತೆ ಒಳ್ಳೆ ಬಾಟಲಿ ಅಂದಿದಾರೆ. ಈ ಚೀಲದಲ್ಲಿ... ಕ್ಯಾನ್ ತಂದಿದೀನಿ.

ಎಲ್ಲಿಗೆ ಎದ್ರಿ? ಕೊಡ್ತೀರಾ? ದೊಡ್ಡ ಮನಸ್ಸು ಅಣ್ಣ ನಿಮ್ಮದು, ನಾನು ಅತ್ತಿಗೆ ಹತ್ರಾನೂ ಕ್ಷಮೆ ಕೇಳ್ತೀನಿ... ಅಯ್ಯೋ, ಅದು ನಿಮ್ಮ ಎಣ್ಣೆ ಅಲ್ಲ. ದೂರು ಕೊಡೋಕೆ ಅಂತ ನೀವು ಕೊಂಡಿಟ್ಟಿದ್ದ ನಮ್ಮ ಕಂಪನಿ ಬಾಟಲಿ ಅದು. ಅದನ್ನ ಯಾಕೆ ನನ್ನ ಕ್ಯಾನಿಗೆ ಸುರೀತಿದೀರಿ? ಇದು ಪರೀಕ್ಷೆಗೆ ಹೋದ್ರೆ ಮೊದಲು ನನ್ನನ್ನೇ ಕರೀತಾರೆ. ಹೋದ ಸಲದ ಬಾಟಲಿ ಶುದ್ಧ ಬಂದದ್ದು ಹೇಗೆ ಅಂತ ಕೇಳ್ತಾರೆ. ನಾನು ಹೇಳಬೇಕಾಗುತ್ತೆ, ಒಳ್ಳೆ ಬಾಟಲಿ ತೆಗೆದಿಡಿ ಅಂತ ಯಾರು ಅಂದ್ರು ಅಂತ, ಎಲ್ಲಾನೂ...

ಬೇಕಾದ್ರೆ ಬೈಯಿರಿ ಅಣ್ಣ, ಅದನ್ನ ಸುರೀಬೇಡಿ.

...ಆಯ್ತು. ಕೊಡಿ ಇಲ್ಲಿ. ನಾಳೆ ಮಾದರಿಗೆ ಇದನ್ನೇ ತೆಗೆದಿಡ್ತೀನಿ. ಮುಚ್ಚಳ ಬಿಗಿಯಾಗಿ ಹಾಕಿಕೊಡಿ, ಬಸ್ಸಿನಲ್ಲಿ ಒಂದು ಹನೀನೂ ಚೆಲ್ಲಬಾರದು.