ಸತ್ತಿದೆ ಎಂದು ಬರೆದ ಇಲಿ

ಸಂಜೆ ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಇಬ್ಬರ ಕೊರಳಲ್ಲೂ ಔಷಧ ಪ್ರಯೋಗಾಲಯದ ಗುರುತಿನ ಚೀಟಿ. ಮಾತು ತೆಗೆದವಳು ಕಿರಿಯಳು.

“ಹನ್ನೆರಡು ವರ್ಷದಿಂದ ಇಲಿ ನೋಡ್ಕೊಳ್ತಿದ್ದೀರಿ. ಮಲಗಿದ್ದು ಯಾವ್ದು, ಸತ್ತಿದ್ದು ಯಾವ್ದು ಗೊತ್ತಾಗ್ಲಿಲ್ವಾ ಅಕ್ಕಾ?”

“ಹೊಸ ಔಷಧಿ, ಎಲ್ಲಕ್ಕಿಂತ ದೊಡ್ಡ ಡೋಸು ಕಣೇ. ಬೆಳಿಗ್ಗೆ ಕೊಟ್ಟಿದ್ದೆ. ಮಧ್ಯಾಹ್ನ ನೋಡಿದ್ರೆ ಬಾಲಕ್ಕೆ ಮೂರು ಗೆರೆ ಹಾಕಿದ್ದ ಇಲಿ ಅಲ್ಲಾಡ್ತಾನೇ ಇಲ್ಲ. ರಿಜಿಸ್ಟರಲ್ಲಿ ‘ಸತ್ತಿದೆ’ ಅಂತ ಬರೆದೇಬಿಟ್ಟೆ.”

“ಆಮೇಲೆ?”

“ಎತ್ತೋಕೆ ಹೋದೆ, ಬೆರಳು ಕಚ್ತು!”

“ಕಚ್ಚಿಸಿಕೊಂಡು ಇಷ್ಟು ಖುಷಿಪಟ್ಟೋರನ್ನ ನಾನು ನೋಡಿಲ್ಲಪ್ಪ.”

“ನನ್ನ ಮಗನಿಗೆ ಬರೋ ಫಿಟ್ಸಿಗೇ ಅಲ್ವೇನೇ ಆ ಔಷಧಿ? ಇಲಿಗಳು ಸತ್ರೆ ಔಷಧಿ ಪರೀಕ್ಷೆ ಅಲ್ಲಿಗೇ ನಿಂತುಹೋಗುತ್ತೆ.”

“ಅಂಗಡಿಗೆ ಬರೋಕೆ ಇನ್ನೂ ಹತ್ತು ವರ್ಷ ಆಗ್ಬಹುದು.”

“ಆಗ್ಲಿ ಬಿಡು, ಅವನಿಗಿನ್ನೂ ಒಂಬತ್ತು.”

“ರಿಜಿಸ್ಟರಲ್ಲಿ ಅಳಿಸೋ ಹಾಗಿಲ್ವಲ್ಲ?”

“ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಿದೆ.”

“ಏನಂತ ಬರೆದ್ರಿ?”

“‘ಕಚ್ಚಿತು’ ಅಂತ.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಕಿರಿಯಳು ಮೆಲ್ಲಗೆ ಹೇಳಿದಳು: “ಹದಿನಾಲ್ಕು ದಿನ ಆದ್ಮೇಲೆ ಅದನ್ನೂ ಕೊಯ್ದು ಒಳಗೇನಾಗಿದೆ ಅಂತ ನೋಡ್ಬೇಕು.”

ಹಿರಿಯಾಕೆ ಬಸ್ ಬರುವ ದಿಕ್ಕಿಗೆ ನೋಡಿದರು.

“ಹೂಂ. ಅಲ್ಲೀವರೆಗೆ ಹೊಟ್ಟೆ ತುಂಬ ತಿನ್ಲಿ. ಬೇಕಾದ್ರೆ ಇನ್ನೊಂದು ಸಲ ಕಚ್ಲಿ.”

ಬಸ್ ಬಂತು. ಹಿರಿಯಾಕೆ ಪಟ್ಟಿ ಸುತ್ತಿದ ಬೆರಳನ್ನು ಎತ್ತಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು.

“ಜೋಪಾನ ಕಣೇ, ನೂಕಬೇಡ. ಮನೆಗೆ ಹೋಗಿ ಮಗನಿಗೆ ತೋರಿಸ್ಬೇಕು.”