ಕಿಗ್ಗದ ಕೊನೆಗೆ ಚುಕ್ಕಿ

ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲೇ ದೇವರಾಜನ ಬಾಡಿಗೆ ಜೀಪು. ಒಳಗೆ ಅವನ ಹೆಂಡತಿ ಕುಸುಮಾ, ತೊಡೆಯ ಮೇಲೆ ಕಂಪ್ಯೂಟರು. ಫೋನಿನಲ್ಲಿ ಊರಿನ ಹೆಸರು ಬರೆದರೆ ಜೀಪು ಬುಕ್ ಆಗುವ ಹಾಗೆ ಅವಳೇ ಏನೋ ಮಾಡಿದ್ದಾಳಂತೆ.

“ಕಿಗ್ಗದ ಯಮುನಮ್ಮೋರು ಬೈತಿದಾರೆ. ಇವತ್ತು ಹನ್ನೊಂದಕ್ಕೆ ಕೊಪ್ಪದಲ್ಲಿ ಕಣ್ಣಿನ ಆಪರೇಷನ್. ಕಿಗ್ಗ ಅಂತ ಬರೆದ್ರೆ ‘ಇಂಥ ಊರಿಲ್ಲ’ ಅಂತ ಬರ್ತದಂತೆ. ಕಿಗ್ಗ ಇಲ್ವೇನೇ ಮಾರಾಯ್ತಿ?” ಸ್ಟೀರಿಂಗ್ ಹಿಂದೆ ಕೂತಿದ್ದ ದೇವರಾಜ ಕೇಳಿದ.

“ನಿನ್ನೆ ತಾನೇ ಸರಿ ಮಾಡಿದ್ನಲ್ರೀ!”

“ಎಂತ ಸರಿ ಮಾಡಿದ್ದು?”

“ನಮ್ಮ ಜನ ಏನು ಬರೆದ್ರೂ ಕೊನೆಗೆ ಎರಡು ಚುಕ್ಕಿ ಇಡ್ತಾರೆ. ಹಾಗಾಗಿ ಊರಿನ ಹೆಸರು ನಮ್ಮ ಪಟ್ಟಿಗೆ ಹೊಂದ್ತಿರ್ಲಿಲ್ಲ. ಕೊನೇದು ಎರಡು ಕತ್ತರಿಸು ಅಂತ ಕಂಪ್ಯೂಟರಿಗೆ ಅದರ ಜಾವಾಸ್ಕ್ರಿಪ್ಟ್ ಭಾಷೇಲಿ ಬರೆದೆ.”

“ಯಮುನಮ್ಮೋರು ಚುಕ್ಕಿ ಇಡೋರಲ್ಲ. ಎಲ್ಲಾ ಅಚ್ಚುಕಟ್ಟು.”

“ಅಯ್ಯೋ! ಹಾಗಾದ್ರೆ ಚುಕ್ಕಿ ಬದಲು ಕಿಗ್ಗದ ಕೊನೇ ಅಕ್ಷರಾನೇ ಕತ್ತರಿಸಿ ಹೋಗಿದೆ.”

“ಚುಕ್ಕಿ ಇದೆಯೋ ಇಲ್ವೋ ನೋಡ್ದೆ ಕತ್ತರಿಸೋದಾ?”

“ಟ್ರಿಮ್ ಅಂತ ಒಂದು ಸಿದ್ಧ ಆಜ್ಞೆ ಇದೆ. ಅದು ಖಾಲಿ ಜಾಗ ಮಾತ್ರ ತೆಗೀತದೆ, ಚುಕ್ಕಿ ಮುಟ್ಟಲ್ಲ. ಕೊನೇಲಿ ಚುಕ್ಕಿ ಇರೋವರೆಗೆ ತೆಗಿ, ಇಲ್ದಿದ್ರೆ ಬಿಡು ಅಂತ ನಾನೇ ಬರೀಬೇಕು. ಎರಡು ನಿಮಿಷ ತಡೀರಿ.”

“ನಿನ್ನ ಎರಡು ನಿಮಿಷಕ್ಕೆ ಡಾಕ್ಟ್ರು ಕಾಯ್ತಾರಾ?”

ದೇವರಾಜ ಫೋನು ಕಿವಿಗಿಟ್ಟ.

“ಯಮುನಮ್ಮೋರೇ, ನಾನೇ ಬರ್ತಿದೀನಿ. ರಸ್ತೆಗೆ ಬಂದು ನಿಂತಿರಿ. ಫೋನಲ್ಲಿ ಇನ್ನು ಏನೂ ಒತ್ತಬೇಡಿ.”

“ಸರಿ ಆಯ್ತು ರೀ! ಇನ್ನೊಂದ್ಸಲ ಬರೆದು ನೋಡ್ಲಿಕ್ಕೆ ಹೇಳಿ ಅವ್ರಿಗೆ!”

“ಕಣ್ಣು ಸರಿಯಾದ್ಮೇಲೆ ನೋಡ್ತಾರೆ,” ಎಂದವನೇ ದೇವರಾಜ ಜೀಪನ್ನು ಕಿಗ್ಗದ ರಸ್ತೆಗೆ ತಿರುಗಿಸಿದ.